ಬಹುಮಾನ ಕೊಟ್ಟರೂ ತಂಡದಲ್ಲಿ ಹುರುಪಿಲ್ಲ, ಏನು ಮಾಡಲಿ?

ಹೊಸ_ಲೀಡ್:
ಎಂಟು ಜನರ ಸಾಫ್ಟ್‌ವೇರ್ ತಂಡ ನಮ್ಮದು. ಎಲ್ಲರೂ ಕೆಲಸ ಬಲ್ಲವರೇ. ಆದರೂ ಯಾರಲ್ಲೂ ಹುರುಪಿಲ್ಲ. ತಿಂಗಳಿಗೊಬ್ಬರಿಗೆ ‘ಉತ್ತಮ ಉದ್ಯೋಗಿ’ ಬಹುಮಾನ ಶುರು ಮಾಡಿದೆವು. ಮೊದಲ ಸಲ ಚಪ್ಪಾಳೆ ಬಿತ್ತು. ಈಗ ಗೆದ್ದವರಿಗೇ ಮುಜುಗರ. ಇನ್ನೂ ದೊಡ್ಡ ಬಹುಮಾನ ಇಡೋಣ ಅಂತಾರೆ ನಮ್ಮ ಮ್ಯಾನೇಜರ್. ಉಪಯೋಗ ಇದೆಯಾ?

ಎಚ್‌ಆರ್_ಮಂದಿ:
ಮೊದಲು ಸಂಬಳ ನೋಡಿ. ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದು ಇದನ್ನೇ. ಸಂಬಳ, ಮೇಲಧಿಕಾರಿಯ ನಡವಳಿಕೆ ಸರಿ ಇಲ್ಲದಿದ್ದರೆ ಬೇಸರ ಗ್ಯಾರಂಟಿ. ಸರಿ ಇದ್ದ ಮಾತ್ರಕ್ಕೆ ಹುರುಪು ಬರಲ್ಲ, ಅದು ಕೆಲಸದ ಒಳಗಿಂದಲೇ ಬರಬೇಕು.

ಹಳೇ_ಟೆಸ್ಟರ್:
ಬಹುಮಾನದ ಮಾತು ಬಿಡಿ. ಒಬ್ಬೊಬ್ಬರ ಕೈಯಲ್ಲಿ ಅರ್ಧಕ್ಕೆ ನಿಂತ ಕೆಲಸ ಎಷ್ಟಿವೆ?

ಹೊಸ_ಲೀಡ್:
ನಾಲ್ಕೈದು ಇರಬಹುದು. ಸೇಲ್ಸ್‌ನವರು ದಿನಾ ಒಂದು ‘ಅರ್ಜೆಂಟ್’ ತರ್ತಾರೆ.

ಹಳೇ_ಟೆಸ್ಟರ್:
ನನಗನ್ನಿಸೋ ಪ್ರಕಾರ ರೋಗ ಅಲ್ಲೇ ಇದೆ. ನಿಮ್ಮವರಿಗೆ ಮನಸ್ಸಿದೆ, ಯಾವುದನ್ನೂ ಮುಗಿಸೋಕೆ ಬಿಡ್ತಿಲ್ಲ ಅಷ್ಟೇ. ಹಾರ್ವರ್ಡ್ ಸಂಶೋಧಕಿ ತೆರೇಸಾ ಅಮಾಬಿಲೆ ಅವರ ತಂಡ 238 ಉದ್ಯೋಗಿಗಳ ಸುಮಾರು 12,000 ದಿನಚರಿ ಬರಹಗಳನ್ನು ಓದಿ ನೋಡಿತ್ತು. ಒಳ್ಳೆಯ ದಿನ ಅಂತ ಜನ ಬರೆದ ದಿನಗಳಲ್ಲಿ ಹೆಚ್ಚಾಗಿ ಕಂಡದ್ದು, ಅರ್ಥವಿರುವ ಕೆಲಸ ಸ್ವಲ್ಪವಾದರೂ ಮುಂದೆ ಸಾಗಿದ್ದು. ಇನ್ನು ಗಮನದ ವಿಷಯ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿದರೆ ತಲೆ ಹಳೆಯದರಲ್ಲೇ ಸಿಕ್ಕಿಕೊಂಡಿರುತ್ತದೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ನಾನು ಟೆಸ್ಟಿಂಗ್‌ನಲ್ಲಿದ್ದಾಗ ಪ್ರಯೋಗವೇ ಬೇಕಿರಲಿಲ್ಲ, ಬಗ್‌ಗಳ ಪಟ್ಟಿ ನೋಡಿದರೆ ಸಾಕಿತ್ತು!

ಕಾನ್ಬಾನ್ ಬೋರ್ಡ್ ಇದೆ ತಾನೇ? ಅದೇ, ಒಂದೊಂದು ಕೆಲಸಕ್ಕೂ ಒಂದು ಕಾರ್ಡ್ ಇಟ್ಟು, ಯಾವ ಹಂತದಲ್ಲಿದೆ ಅಂತ ಕಾಲಮ್‌ಗಳಲ್ಲಿ ತೋರಿಸೋ ಬೋರ್ಡ್. ‘ನಡೆಯುತ್ತಿದೆ’ ಕಾಲಮ್‌ಗೆ ಮಿತಿ ಹಾಕಿ. ಎಂಟು ಜನಕ್ಕೆ ಆರು ಕಾರ್ಡ್ ಸಾಕು. ಕಾಲಮ್ ತುಂಬಿದ್ದರೆ, ಕೈ ಖಾಲಿ ಇರುವವರು ಹೊಸದನ್ನು ಎತ್ತಿಕೊಳ್ಳಬಾರದು. ಇನ್ನೊಬ್ಬರ ಕೋಡ್ ರಿವ್ಯೂ ಮಾಡಲಿ, ಟೆಸ್ಟಿಂಗ್‌ಗೆ ಕೂರಲಿ. ಮೊದಮೊದಲು ‘ಸುಮ್ನೆ ಕೂತಿದ್ದಾರೆ’ ಅನ್ನಿಸುತ್ತೆ. ಅನ್ನಿಸಲಿ ಬಿಡಿ.

ಮತ್ತೆ, ಮುಗಿದ ಕೆಲಸವನ್ನು ಮಾಡಿದವರೇ ಬಳಕೆದಾರರಿಗೆ ತೋರಿಸಲಿ. ‘ಇದು ಬಂದಿದ್ದು ಒಳ್ಳೇದಾಯ್ತು’ ಅನ್ನೋ ಮಾತು ಅವರ ಕಿವಿಗೇ ಬೀಳಬೇಕು. ಲೀಡ್ ಹೋಗಿ ತೋರಿಸಿ ಬಂದರೆ ಆ ಖುಷಿ ಲೀಡ್‌ಗೇ ಸಿಗೋದು, ಅಲ್ವಾ?

ರಾತ್ರಿ_ಪಾಳಿ:
ಚಂದ ಇದೆ. ಆದರೆ ಮ್ಯಾನೇಜರೇ ಚಾಟ್‌ನಲ್ಲಿ ‘ಐದು ನಿಮಿಷದ ಕೆಲಸ’ ಅಂತ ತೂರಿಸಿದರೆ?

ಹಳೇ_ಟೆಸ್ಟರ್:
ಅದೂ ಬೋರ್ಡ್ ಮೇಲೆ ಬರಬೇಕು. ಕಾರ್ಡ್ ಇಡುವ ಮೊದಲು ಯಾವ ಕಾರ್ಡ್ ತೆಗೆಯೋಣ ಅಂತ ಅವರನ್ನೇ ಕೇಳಿ.

ಹೊಸ_ಲೀಡ್:
ಸೋಮವಾರ ಮಿತಿ ಹಾಕ್ತೀನಿ. ಬಹುಮಾನ ಸದ್ಯಕ್ಕೆ ಬೇಡ ಅಂತ ಮ್ಯಾನೇಜರ್‌ಗೆ ಮೇಲ್ ಬರೀತಿದೀನಿ.