ಪದ ಬೇಕಾಗಿದೆ: ಜಾಯ್‌ಸ್ಟಿಕ್‌ನ ‘ಬಾಲ್ ಟಾಪ್’

ಬಳಗದವರಿಗೆ ನಮಸ್ಕಾರ. ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ (ಕೋಲು, ಗುಂಡಿಗಳಿಂದ ಆಡುವ ವಿಡಿಯೋ ಆಟದ ಪೆಟ್ಟಿಗೆ) ಕಟ್ಟುವವರಿಗಾಗಿ ಒಂದು ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಜಾಯ್‌ಸ್ಟಿಕ್‌ನ ಕೋಲಿನ ತುದಿಗೆ ತಿರುಪಿ ಕೂರಿಸುವ ಉರುಟು ಹಿಡಿಗೆ ಏನೆನ್ನೋಣ? ಬಿಡಿಭಾಗ ತಯಾರಿಸುವ ಜಪಾನಿನ ಸನ್ವಾ ಕಂಪನಿಯದಾದರೆ ಅಡ್ಡಳತೆ 35 ಮಿ.ಮೀ., ಒಳಗೆ ಎಂ6 ಥ್ರೆಡ್ (6 ಮಿ.ಮೀ. ತಿರುಪು ಕೂರುವ ಸುರುಳಿ ಗೀರು). ಅದನ್ನು ಬಿಚ್ಚಿ ಮರದ್ದನ್ನು ಹಾಕುವ ಬಗೆಗೇ ಒಂದು ಅಧ್ಯಾಯವಿದೆ. ತೊಡಕಿನ ವಾಕ್ಯ ಇದು: ‘ಕೋಲಿನ ಬುಡದ ಸೀಳಿನಲ್ಲಿ ತಿರುಪುಳಿ ಇಟ್ಟು ಅಲುಗದಂತೆ ಹಿಡಿದು, ಬಾಲ್ ಟಾಪ್ ಅನ್ನು ಎಡಕ್ಕೆ ತಿರುಗಿಸಿ.’

ಮರುಪತ್ರ 1
ಗುಂಡು. ತಮಿಳು, ತೆಲುಗುಗಳಲ್ಲೂ ಇರುವ ದ್ರಾವಿಡ ಪದ. ರುಬ್ಬುಗುಂಡು ಇದ್ದಂತೆ ಹಿಡಿಗುಂಡು. ದಯವಿಟ್ಟು ಸಂಸ್ಕೃತದ ‘ಗೋಲ’ವನ್ನು ತರಬೇಡಿ.

ಮರುಪತ್ರ 2
ನಡೆಯುವುದಿಲ್ಲ. ಆ ಪೆಟ್ಟಿಗೆಯ ಮೇಲೆ ಒತ್ತುವ ಗುಂಡಿಗಳೂ ಇವೆ. ಗುಂಡು, ಗುಂಡಿ ಎರಡಕ್ಕೂ ಚತುರ್ಥಿ ‘ಗುಂಡಿಗೆ’. ‘ಗುಂಡಿಗೆ 5 ಮಿ.ಮೀ. ತೂತು ಕೊರೆದು ಎಂ6 ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಿ’ ಎಂದು ಅಚ್ಚಾದರೆ ಓದುಗ ಯಾವುದನ್ನು ಕೊರೆಯಬೇಕು? ಗುಬುಟು, ಅಂದರೆ ಉಬ್ಬಿದ ಉರುಟು ತುದಿ, ಎನ್ನಿ. ಇದೂ ಕನ್ನಡವೇ.

ಮರುಪತ್ರ 3
ನಾನು ಹೇಳಿದ್ದು ಬರಿಯ ಗುಂಡಲ್ಲ, ಹಿಡಿಗುಂಡು. ‘ಹಿಡಿಗುಂಡಿ’ ಎಂಬ ವಸ್ತುವೇ ಇಲ್ಲದಿರುವಾಗ ಗೊಂದಲ ಎಲ್ಲಿಂದ ಬಂತು? ಗುಬುಟು ಎಂದರೆ ಇಂದು ಎಷ್ಟು ಜನರಿಗೆ ತಿಳಿದೀತು?

ಮರುಪತ್ರ 4
ಬಾಲ್ ಟಾಪ್ ಎಂದೇ ಬರೆಯಿರಿ. ಬಿಡಿಭಾಗದ ಪೊಟ್ಟಣದ ಮೇಲೆ ಇರುವುದು ಆ ಹೆಸರು. ಕೊಳ್ಳುವವನು ಹಿಡಿಗುಂಡು ಕೇಳಿದರೆ ಬರಿಗೈಯಲ್ಲಿ ಮರಳುತ್ತಾನೆ. ಅರಬ್ಬಿಯಿಂದ ಬಂದ ಕುರ್ಚಿಯ ಮೇಲೆ ನಾವೆಲ್ಲ ಕುಳಿತೇ ಇದ್ದೇವೆ.

ಮರುಪತ್ರ 5
ಮನೆಯಲ್ಲಿ ಇರುವುದನ್ನು ಸಾಲ ತರುವವರಿಗೆ ಏನು ಹೇಳುವುದು? ಹೀಗೆಯೇ ಒಂದೊಂದಾಗಿ ಪದಗಳು ಕೈಬಿಡುತ್ತವೆ.

ಮರುಪತ್ರ 6
ಹಾಗಾದರೆ ಇದೇ ಚರ್ಚೆಯಲ್ಲಿ ಬಂದ ಥ್ರೆಡ್, ಟ್ಯಾಪ್‌ಗಳ ಬಗ್ಗೆ ತಮ್ಮ ತಕರಾರು ಏಕಿಲ್ಲ? ಶುದ್ಧಿ ಕೋಲಿನ ತುದಿಗೆ ಮಾತ್ರವೇ?

ಮರುಪತ್ರ 7
ಎಲ್ಲರಿಗೂ ವಂದನೆ. ನನ್ನ ಪ್ರಶ್ನೆಯಲ್ಲಿ ಹೇಳದೆ ಉಳಿದ ಒಂದು ಸಂಗತಿ: ಮೇಲೆ ದಪ್ಪನಾಗಿ ಕೆಳಗೆ ಸಣ್ಣಗಾಗುವ ‘ಬ್ಯಾಟ್ ಟಾಪ್’ ಕೂಡ ಇದೆ. ಹಲವು ಅಮೆರಿಕನ್ ಕೋಲುಗಳಲ್ಲಿ ಅದು ಬಿಚ್ಚಲು ಬರುವುದೇ ಇಲ್ಲ. ಆದ್ದರಿಂದ ಎರಡಕ್ಕೂ ಜೋಡಿ ಹೆಸರು ಬೇಕು. ಗುಂಡುಹಿಡಿ, ಉದ್ದಹಿಡಿ ಎಂದು ಇಡುತ್ತೇನೆ. ಚತುರ್ಥಿ ‘ಹಿಡಿಗೆ’ ಆಗುವುದರಿಂದ ಗುಂಡಿಯ ತಂಟೆಯಿಲ್ಲ. ಮೊದಲ ಸಲ ಬರುವಲ್ಲಿ ಪೊಟ್ಟಣದ ಹೆಸರನ್ನೂ ಕೊಡುತ್ತೇನೆ. ಥ್ರೆಡ್‌ಗೆ ಒಳ್ಳೆಯ ಪದ ಯಾರಲ್ಲಾದರೂ ಇದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.