ಪದಚರ್ಚೆ: ‘ಜೈವಿಕ ವರ್ಧನೆ’ ಬದಲು ಫಲಕಕ್ಕೆ ಏನು ಬರೆಯೋಣ?

ಕಲಬುರಗಿಯಿಂದ:
ಶಾಲೆಯ ವಿಜ್ಞಾನ ಮೇಳಕ್ಕೊಂದು ಫಲಕ, ನಾಳೆ ಮುಂಜಾನೆ ಫ್ಲೆಕ್ಸ್‌ನವರಿಗೆ ಕೊಡಬೇಕು. ವಿಷಯ ಡೆರೆಕ್ ರ‍್ಯಾಟ್‌ಕ್ಲಿಫ್ (1929–2005) ಅವರ ಸಂಶೋಧನೆ. ಬ್ರಿಟನ್ನಿನ ಪೆರೆಗ್ರಿನ್ ಗಿಡುಗಗಳ ಗೂಡಿನಲ್ಲಿ ತತ್ತಿ ಒಡೆಯುವುದೇಕೆಂದು ಹುಡುಕುತ್ತ, ಹಳೆಯ ಸಂಗ್ರಹಗಳ ತತ್ತಿಗಳನ್ನು ಅಳೆದು ತೂಗಿ, 1947ರ ಸುಮಾರಿನಿಂದ ಚಿಪ್ಪು ತೆಳುವಾಗಿದೆಯೆಂದು 1967ರಲ್ಲಿ ತೋರಿಸಿದವರು. ಅದಕ್ಕೆ ಕಾರಣವಾದ ಕೀಟನಾಶಕ ಡಿಡಿಟಿ ಆಹಾರ ಸರಪಳಿಯಲ್ಲಿ ಏರುತ್ತ ಹೋಗುವುದಕ್ಕೆ ‘ಜೈವಿಕ ವರ್ಧನೆ’ ಎಂದು ತಲೆಬರಹ ಕೊಟ್ಟಿದ್ದೇನೆ. ಅದೇ ತಲೆಬರಹದಡಿ ದನಗಳ ನೋವಿಗೆ ಕೊಡುತ್ತಿದ್ದ ಮದ್ದು ಡೈಕ್ಲೋಫೆನಾಕ್‌ನಿಂದ ಸತ್ತ ರಣಹದ್ದಿನ ಚಿತ್ರವೂ ಇದೆ. ಓದುವವರು ಎಂಟನೇ ಇಯತ್ತೆ ಮಕ್ಕಳು, ತೊಗರಿ ಬೆಳೆಯುವ ಅವರ ತಂದೆ-ತಾಯಿ. ಇನ್ನೂ ಒಳ್ಳೆಯ ಪದ ಇದೆಯೇ?

ಬೀದರ್‌ನಿಂದ:
‘ವರ್ಧನೆ’ಯೂ ಬೇಡ, ‘ಜೈವಿಕ’ವೂ ಬೇಡ. ಜೈವಿಕ ಗೊಬ್ಬರ, ಜೈವಿಕ ಕೀಟನಾಶಕ ಕೇಳಿದ ರೈತನಿಗೆ ಜೈವಿಕ ಎಂದರೆ ಒಳ್ಳೆಯದು. ಅದರ ಮುಂದೆ ವರ್ಧನೆ ಸೇರಿಸಿದರೆ ಇಳುವರಿ ಹೆಚ್ಚಿಸುವ ಉಪಾಯ ಅಂದುಕೊಳ್ಳುತ್ತಾನೆ. ‘ನಂಜೇರಿಕೆ’ ಎನ್ನಿ. ನಂಜು ನಮ್ಮದೇ ಪದ, ತಮಿಳಿನಲ್ಲೂ ಮಲಯಾಳದಲ್ಲೂ ಇದೆ. ವಿಷ ಸಂಸ್ಕೃತದ್ದು, ಹಳಗನ್ನಡದವರು ಅದನ್ನೂ ‘ಬಿಸ’ ಮಾಡಿಕೊಂಡೇ ಬಳಸಿದರು.

ಸುರಪುರದಿಂದ:
ಆಗದು. ನಂಜೇರಿತು ಅಂದರೆ ಗಾಯ ಕೀವಾಯಿತು ಅಂತ ಓದುತ್ತಾರೆ. ಮೂಲ ಯಾವುದಾದರೇನು, ಅರ್ಥ ತಪ್ಪಿದರೆ ಪದ ಸತ್ತಂತೆ.

ಮೊದಲು ಎರಡು ಕ್ರಿಯೆ ಬೇರೆ ಮಾಡಿ. ಒಂದೇ ಜೀವಿಯ ಮೈಯಲ್ಲಿ ದಿನದಿನವೂ ಕೂಡುತ್ತ ಹೋಗುವುದು ‘ವಿಷ ಶೇಖರಣೆ’. ಆಹಾರವಾದ ಜೀವಿಯಿಂದ ಅದನ್ನು ತಿನ್ನುವ ಜೀವಿಗೆ ಹಂತಹಂತವಾಗಿ ಹೆಚ್ಚುವುದು ‘ವಿಷದ ಮಟ್ಟದ ಏರಿಕೆ’. ಹಳೆಯ ಪಿಯುಸಿ ಪುಸ್ತಕದಲ್ಲಿದ್ದ ಲೆಕ್ಕವನ್ನೇ ಚಿತ್ರಕ್ಕೆ ಹಾಕಿ: ನೀರಿನಲ್ಲಿ ಡಿಡಿಟಿ 0.003 ಪಿಪಿಬಿ, ಮೀನು ತಿನ್ನುವ ಹಕ್ಕಿಯಲ್ಲಿ 25 ಪಿಪಿಎಂ. ಪಿಪಿಬಿ ನೂರು ಕೋಟಿಯಲ್ಲೊಂದು ಪಾಲು, ಪಿಪಿಎಂ ಹತ್ತು ಲಕ್ಷದಲ್ಲೊಂದು. ಎರಡನ್ನೂ ಒಂದೇ ಎಂದು ಅಚ್ಚು ಹಾಕಿದರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ.

ಇನ್ನೊಂದು. ‘ಡಿಡಿಟಿ ಎಣ್ಣೆಯಲ್ಲಿ ಕರಗುತ್ತದೆ’ ಎಂದು ಬರೆದಿದ್ದರೆ ಈಗಲೇ ತಿದ್ದಿ. ಇಲ್ಲಿ ‘ಎಣ್ಣಿ ಹೊಡಿಯೋದು’ ಅಂದರೇ ಔಷಧ ಸಿಂಪಡಿಸುವುದು. ‘ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗದು, ಉಚ್ಚೆಯಲ್ಲಿ ಸುಲಭವಾಗಿ ಹೊರಹೋಗದು’ ಎನ್ನಿ, ಕೂಡುವುದೇಕೆಂಬುದೂ ತಿಳಿಯುತ್ತದೆ.

ರಣಹದ್ದನ್ನು ಆ ತಲೆಬರಹದ ಕೆಳಗಿಂದ ತೆಗೆಯಿರಿ. ಡೈಕ್ಲೋಫೆನಾಕ್ ಮೈಯಲ್ಲಿ ವರ್ಷಗಟ್ಟಲೆ ಕೂಡುವ ವಿಷವಲ್ಲ. ಸಾಯುವ ಮುಂಚೆ ಚುಚ್ಚುಮದ್ದು ಪಡೆದ ದನದ ಹೆಣದಲ್ಲಿ ಮದ್ದು ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾವು. ಪಶುಗಳಿಗೆ ಅದನ್ನು ಭಾರತ 2006ರಲ್ಲಿ ನಿಷೇಧಿಸಿತು. ಆ ಚಿತ್ರಕ್ಕೆ ‘ಮದ್ದಿನ ಉಳಿಕೆ’ ಎಂಬ ತಲೆಬರಹ ಸಾಕು.

ಬೀದರ್‌ನಿಂದ:
ಶೇಖರಣೆಯ ‘ಶೇಖರ’ ಸಂಸ್ಕೃತದಲ್ಲಿ ಮುಡಿಯ ಆಭರಣ! ‘ಕೂಡಿಕೆ’ ಇರುವಾಗ ಅದೇಕೆ? ಪೆರೆಗ್ರಿನ್ ಕೂಡ ಬೇಡ. ಶಾಹೀನ್ ಎಂಬ ಹೆಸರೇ ನಮ್ಮಲ್ಲಿದೆ.

ಸುರಪುರದಿಂದ:
ಸಂಸ್ಕೃತ ಬೇಡ, ಪಾರಸಿಯ ಶಾಹೀನ್ ಬೇಕೇ? ಅರ್ಜಿ, ಕಚೇರಿ, ತಹಶೀಲ್ದಾರ ಬಿಟ್ಟು ಈ ಸೀಮೆಯಲ್ಲಿ ಒಂದು ದಿನ ಬದುಕಿ ತೋರಿಸಿ. ಎರವಲು ಪದದ ಮೇಲೆ ಸಿಟ್ಟಿಲ್ಲ, ತಪ್ಪು ಹಕ್ಕಿಯ ಮೇಲಿದೆ. ಶಾಹೀನ್ ನಮ್ಮಲ್ಲೇ ನೆಲೆಸಿದ ಉಪಜಾತಿ. ರ‍್ಯಾಟ್‌ಕ್ಲಿಫ್ ಅಳೆದದ್ದು ಬ್ರಿಟನ್ನಿನದು.

ಕಲಬುರಗಿಯಿಂದ:
ಹಾಗಾದರೆ ಪೆರೆಗ್ರಿನ್ ಗಿಡುಗವೇ ಇರಲಿ. ‘ವಿಷ ಕೂಡಿಕೆ’, ‘ವಿಷದ ಮಟ್ಟದ ಏರಿಕೆ’ ಎಂದು ಎರಡು ತಲೆಬರಹ ಮಾಡಿದೆ. ರಣಹದ್ದು ಬೇರೆ ಚೌಕಕ್ಕೆ ಹೋಯಿತು. ಉಳಿದದ್ದು ರ‍್ಯಾಟ್‌ಕ್ಲಿಫ್ ಅವರ ಸೂಚ್ಯಂಕ: ಖಾಲಿ ಚಿಪ್ಪಿನ ತೂಕವನ್ನು ಮಿಲಿಗ್ರಾಂನಲ್ಲಿ ಹಿಡಿದು, ತತ್ತಿಯ ಉದ್ದ ಮತ್ತು ಅಗಲದ ಗುಣಲಬ್ಧದಿಂದ (ಮಿಲಿಮೀಟರ್‌ನಲ್ಲಿ) ಭಾಗಿಸುವುದು. ‘ಚಿಪ್ಪಿನ ದಪ್ಪ’ ಎನ್ನಬಹುದೇ?

ಸುರಪುರದಿಂದ:
ಬೇಡ, ಅವರು ದಪ್ಪ ಅಳೆಯಲಿಲ್ಲ. ದಪ್ಪ ಅಳೆಯಬೇಕೆಂದರೆ ಚಿಪ್ಪು ಒಡೆಯಬೇಕು, ಇಲ್ಲವೇ ಒಳಗಿನ ಲೋಳೆ ತೆಗೆಯಲು ಕೊರೆದ ರಂಧ್ರದ ಅಂಚಿನಲ್ಲಷ್ಟೇ ಸಾಧ್ಯ. ಸಂಗ್ರಹದ ತತ್ತಿ ಒಡೆಯಲು ಯಾರು ಬಿಡುತ್ತಾರೆ? ಅದಕ್ಕೇ ತೂಕದ ದಾರಿ. ‘ಚಿಪ್ಪಿನ ತೂಕದ ಸೂಚ್ಯಂಕ’ ಎನ್ನಿ. ಮಕ್ಕಳು ಕೋಳಿ ತತ್ತಿಯಲ್ಲಿ ಮಾಡಿ ನೋಡುವುದಾದರೆ ಒಳಗಿನ ಲೋಳೆ ಪೂರ್ತಿ ತೊಳೆದು ಒಣಗಿಸಲಿ. ಹಸಿ ಉಳಿದರೆ ತೂಕ ಹೆಚ್ಚಿ, ತೆಳು ಚಿಪ್ಪೂ ಗಟ್ಟಿ ಎಂದು ತೋರಿಸುತ್ತದೆ.