ಸಹಾಯ ಬೇಕು: ಚಿಂಕ್ವೆ ತೆರ್ರೆ ರೈಲು ಕಾರ್ಡಿಗೂ ಚೆಕ್-ಇನ್ ಮಾಡ್ಬೇಕಾ?

ಇಟಲಿಯ ಲಾ ಸ್ಪೆತ್ಸಿಯಾದಿಂದ ಒಂದೇ ದಿನ ಆರಾಮಾಗಿ ಚಿಂಕ್ವೆ ತೆರ್ರೆಯ (ಕಡಲಂಚಿನ ಐದು ಊರುಗಳು) ಮೂರು ಊರು ನೋಡೋ ಪ್ಲಾನ್: ಮೊದಲು ದೂರದ ಮೊಂತೆರೊಸ್ಸೊ, ವಾಪಸ್ ಬರ್ತಾ ವೆರ್ನಾಜಾ, ಸಂಜೆ ಮನರೋಲಾ. ಕೊರ್ನೀಲ್ಯಾ ಬಿಟ್ಟಾಯ್ತು; ಸ್ಟೇಷನ್ನಿಂದ ಊರಿಗೆ 380ರ ಹತ್ತಿರ ಮೆಟ್ಟಿಲು, ಅಮ್ಮನ ಮಂಡಿಗೆ ಆಗಲ್ಲ (ಬಸ್ ಇದೆ, ಆದ್ರೆ ಅದಕ್ಕೆ ಕಾಯೋ ತಾಳ್ಮೆ ಇಲ್ಲ). ನಾಲ್ಕು ಸಲ ರೈಲು ಹತ್ತೋದ್ರಿಂದ ಬಿಡಿ ಟಿಕೆಟ್ ಬದಲು ಆನ್‌ಲೈನಲ್ಲಿ ಒಂದು ದಿನದ ಟ್ರೆನೊ (ರೈಲು) ಕಾರ್ಡ್ ತಗೊಂಡಿದೀವಿ. ಕ್ಯೂಆರ್ ಇರೋ ಪಿಡಿಎಫ್ ಬಂದಿದೆ.

ಗೊಂದಲ ಇಲ್ಲೇ. ಕಾಗದದ ಟಿಕೆಟ್ ಆದ್ರೆ ಹತ್ತೋ ಮುಂಚೆ ಸ್ಟೇಷನ್ ಮೆಷಿನ್ನಿಗೆ ತುರುಕಿ ಮುದ್ರೆ ಹಾಕ್ಬೇಕು. ರೀಜನಲ್ (ಲೋಕಲ್) ರೈಲಿನ ಇ-ಟಿಕೆಟ್ ಆದ್ರೆ ಚೆಕ್-ಇನ್, ಅಂದ್ರೆ ಹತ್ತೋ ಮುಂಚೆ ಆನ್‌ಲೈನಲ್ಲಿ ಟಿಕೆಟ್ ಚಾಲೂ ಮಾಡ್ಬೇಕು. ಮರೆತ್ರೆ ದಂಡ. ಈ ಪಿಡಿಎಫಲ್ಲಿ ಹೆಸರು, ತಾರೀಖು ಇದೆ, ಚೆಕ್-ಇನ್ ಲಿಂಕ್ ಇಲ್ಲ. ಆ್ಯಪ್, ಮೇಲ್ ಎರಡೂ ಜಾಲಾಡಿದ್ದಾಯ್ತು.

ಇದೇ ಕಾರ್ಡಲ್ಲಿ ಓಡಾಡಿದವರು ಹೇಳಿ: ರೈಲೊಳಗೆ ಕ್ಯೂಆರ್ ತೋರಿಸಿದ್ರೆ ಸಾಕಾ, ಇಲ್ಲ ಮೊದಲ ರೈಲಿಗೆ ಮುಂಚೆ ಏನಾದ್ರೂ ಮಾಡ್ಬೇಕಾ?